ನಾಲ್ಕನೇ ಆರೋಪಿ

ನೀವು ಬರುವ ಅಗತ್ಯವಿಲ್ಲ ಎಂದು ವಕೀಲರು ಮೂರು ಸಲ ಹೇಳಿದ್ದರು. ಹೈಕೋರ್ಟಿನಲ್ಲಿ ಪ್ರಕರಣದ ರದ್ದತಿ ಅರ್ಜಿಯ ವಿಚಾರಣೆ ನಡೆಯುವಾಗ ಆರೋಪಿ ಎದುರಿಗೆ ನಿಲ್ಲಬೇಕಾಗಿಲ್ಲ, ಕಾಗದಗಳು ಮಾತಾಡಿದರೆ ಸಾಕು. ಆದರೂ ಒಂದು ದಿನದ ಸಾಂದರ್ಭಿಕ ರಜೆ ಹಾಕಿ, ಶಿರಸಿಯಿಂದ ನಸುಕಿನ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಅವ್ವನನ್ನು ಜೊತೆ ಮಾಡಿಕೊಂಡು, ಧಾರವಾಡ ದಾಟಿ ಹೆದ್ದಾರಿಯ ಬದಿಯ ಹೈಕೋರ್ಟ್ ಪೀಠದ ಮುಂದೆ ಇಳಿದೆ. 2025ರ ಫೆಬ್ರುವರಿ. ಮೂರು ವರ್ಷದಿಂದ ಕಾಗದಗಳಲ್ಲಿ ನನ್ನ ಹೆಸರು ‘ಎ-4’ ಎಂದಾಗಿತ್ತು. ಅದು ಅಳಿಸಿಹೋಗುವುದನ್ನು ಕಣ್ಣಾರೆ ನೋಡುವ ಹಟ ನನ್ನದು.

ತಮ್ಮನ ಮದುವೆ 2017ರಲ್ಲಿ ಆಯಿತು. ಬೀಗರು ಮಗಳ ಮೈಮೇಲೆ ಹದಿನೆಂಟು ತೊಲೆ ಬಂಗಾರ ಹಾಕಿ ಕಳಿಸಿದ್ದರು. ಪಾಟಲಿ, ಬಿಲ್ವಾರ, ಬೋರಮಾಳ ಸರ, ಅವಲಕ್ಕಿ ಸರ. ಮರುವರ್ಷ ಹುಬ್ಬಳ್ಳಿಯ ಹೊರವಲಯದಲ್ಲಿ ಮೂವತ್ತು-ನಲವತ್ತರ ನಿವೇಶನವೊಂದು ಸಿಕ್ಕಿತು. ಹಣ ಸಾಲಲಿಲ್ಲ. ಎಂಟು ತೊಲೆ ಒತ್ತೆ ಬಿತ್ತು. ಕ್ರಯಪತ್ರವಾದದ್ದು ಅವ್ವನ ಹೆಸರಿಗೆ. ಉಳಿದ ಹತ್ತು ತೊಲೆ ‘ಜೋಪಾನವಾಗಿರಲಿ’ ಎಂದು ಅವ್ವನ ಲಾಕರು ಸೇರಿತು. 2021ರಲ್ಲಿ ಗಂಡ ಹೆಂಡತಿ ಬೇರೆಯಾದರು. ಕಾರಣ ಅವರಿಬ್ಬರದು, ಅದನ್ನು ಇಲ್ಲಿ ಎಳೆಯುವುದಿಲ್ಲ. ಆಕೆ ಮೊದಲು ನಿವೇಶನದಲ್ಲಿ ಪಾಲು ಕೇಳಿ ಸಿವಿಲ್ ದಾವೆ ಹಾಕಿದಳು. ಆರು ವಾರ ಕಳೆದ ಮೇಲೆ ಪೊಲೀಸ್ ದೂರು ಬಂತು. ಹಳೆಯ ದಂಡ ಸಂಹಿತೆಯ ಕಲಂ 498-ಎ, ಅಂದರೆ ಗಂಡ ಮತ್ತು ಅವನ ಕಡೆಯವರ ಕ್ರೌರ್ಯ; 406, ಅಂದರೆ ನಂಬಿಕೆ ದ್ರೋಹ; ಜೊತೆಗೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4. ಗಂಡ, ಅತ್ತೆ, ಗಂಡನ ಸೋದರಮಾವ, ನಾನು, ನನ್ನ ಯಜಮಾನರು, ಹೀಗೆ ಐವರು ಆರೋಪಿಗಳು. ಲಗ್ನಪತ್ರಿಕೆಯ ಕೊನೆಯಲ್ಲಿದ್ದ ಆಗಮನಾಭಿಲಾಷಿಗಳನ್ನೆಲ್ಲ ಇಳಿಸಿದ್ದಾರೆ ಎಂದು ವಕೀಲರು ನಕ್ಕಿದ್ದರು. ನನಗೆ ನಗು ಬರಲಿಲ್ಲ.

ನಾನು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ನೋಟಿಸು ಹಿಡಿದು ಪೇದೆ ಬಂದದ್ದು ಶಾಲೆಗೇ. “ಅಕ್ಕೋರೇ, ಪೊಲೀಸರು ಯಾಕೆ ಬಂದಿದ್ದಾರೆ?” ಎಂದು ಎಂಟನೇ ತರಗತಿಯ ಹುಡುಗಿ ಕೇಳಿದಳು. ಜನಗಣತಿಗೆ ಎಂದೆ. ನೌಕರಿಯಲ್ಲಿರುವವರಿಗೆ ಈ ಪ್ರಕರಣದ ಭಯ ಶಿಕ್ಷೆಯದಲ್ಲ, 48 ಗಂಟೆಯದು. ಅಷ್ಟು ಹೊತ್ತು ಮೀರಿ ಬಂಧನದಲ್ಲಿದ್ದರೆ ಅಮಾನತು ತಾನಾಗಿಯೇ ಆಗುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಾರಣ ಬರೆದಿಡದೆ ಯಾರನ್ನೂ ಬಂಧಿಸಕೂಡದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದರಿಂದ ಪೇದೆ ನೋಟಿಸಷ್ಟೇ ಕೊಟ್ಟು ಹೋದ. ಆಮೇಲೆ ಹುಬ್ಬಳ್ಳಿಯ ಮ್ಯಾಜಿಸ್ಟ್ರೇಟ್ ಕೋರ್ಟಿನ ವಾಯಿದೆಗಳು. ಮೂರು ತಾಸು ಬಸ್ಸು, ಒಂದು ನಿಮಿಷದ ಹಾಜರಿ, ಮತ್ತೆ ಮೂರು ತಾಸು.

ದೂರಿನಲ್ಲಿ ನನ್ನ ಬಗ್ಗೆ ಇದ್ದದ್ದು ಒಂದೇ ವಾಕ್ಯ: ‘ನಾಲ್ಕು ಮತ್ತು ಐದನೇ ಆರೋಪಿತರು ಆಗಾಗ ಬಂದು ಒಂದನೇ ಆರೋಪಿತನಿಗೆ ಕುಮ್ಮಕ್ಕು ನೀಡಿ, ಮಾನಸಿಕ ಹಾಗೂ ದೈಹಿಕ ಹಿಂಸೆ ಕೊಟ್ಟಿರುತ್ತಾರೆ.’ ಏಳು ಸಾಕ್ಷಿಗಳ ಹೇಳಿಕೆಯಲ್ಲೂ ಅದೇ ವಾಕ್ಯ, ಅಲ್ಪವಿರಾಮ ಕೂಡ ಅಲ್ಲೇ. ಪೊಲೀಸ್ ಕನ್ನಡದಲ್ಲಿ ಯಾವುದೂ ಒಮ್ಮೆ ನಡೆದು ಮುಗಿಯುವುದಿಲ್ಲ. ಎಲ್ಲರೂ ಎಲ್ಲವನ್ನೂ ಮಾಡಿ‘ರುತ್ತಾರೆ’. ಯಾವ ದಿನ, ಎಷ್ಟು ಸಲ ಎಂಬುದಕ್ಕೆ ಆ ಕ್ರಿಯಾಪದದಲ್ಲಿ ಜಾಗವೇ ಇಲ್ಲ. ಮಕ್ಕಳ ಉತ್ತರಪತ್ರಿಕೆಯಾಗಿದ್ದರೆ ಕೆಂಪು ಶಾಯಿಯಲ್ಲಿ ‘ವಿವರಿಸು’ ಎಂದು ಬರೆಯುತ್ತಿದ್ದೆ.

ಸುಳ್ಳೆಂದು ತೋರಿಸಲು ಕಂಡಕಂಡದ್ದನ್ನೆಲ್ಲ ಕೂಡಿಹಾಕಿದೆ. ನಾಲ್ಕು ವರ್ಷದ ಹಾಜರಿ ಪುಸ್ತಕದ ದೃಢೀಕೃತ ನಕಲು, ಚುನಾವಣಾ ಕರ್ತವ್ಯದ ಆದೇಶ, ಮೌಲ್ಯಮಾಪನಕ್ಕೆ ಹೋದ ಚೀಟಿ. ವಕೀಲರು ಕಡತವನ್ನು ತೂಗಿ ನೋಡಿ ಪಕ್ಕಕ್ಕಿಟ್ಟರು. “ಮೇಡಂ, ಇದು ಕೆಳಗಿನ ಕೋರ್ಟಿಗೆ ಬೇಕಾಗುವ ಸಾಮಾನು. 482ರ ಅರ್ಜಿಯಲ್ಲಿ ನೀವು ನಿರಪರಾಧಿಯೋ ಅಲ್ಲವೋ ಎಂದು ಯಾರೂ ನೋಡುವುದಿಲ್ಲ. ಆಕೆ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಅಪರಾಧ ಕಾಣುತ್ತದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.” ಸುಪ್ರೀಂ ಕೋರ್ಟಿನ ಭಜನ್ ಲಾಲ್ ತೀರ್ಪಿನ ಕಾಲದಿಂದ ಕೋರ್ಟುಗಳು ಹಿಡಿದ ದಾರಿ ಅದಂತೆ. 482 ಎಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈನಿಂದ ಬಂದ ಹೊಸ ಸಂಹಿತೆಯಲ್ಲಿ ಅದು 528. ನಮ್ಮ ಅರ್ಜಿ ಅದಕ್ಕೂ ಮುಂಚಿನದು. ಸತ್ಯವನ್ನು ಗಂಟು ಕಟ್ಟಿಕೊಂಡು ಹೋದವಳಿಗೆ, ನಿನ್ನ ಸತ್ಯ ಈಗ ಬೇಡ, ಅವಳ ದೂರೇ ಸಾಕು ಎಂದರೆ ಹೇಗಾಗಬೇಡ?

ತಮ್ಮನನ್ನು ಬಿಟ್ಟು ನಾವು ನಾಲ್ವರೂ ಕೂಡಿ ಒಂದೇ ಅರ್ಜಿ ಹಾಕಿದ್ದೆವು. ಅದರ ಹನ್ನೊಂದನೇ ಪ್ಯಾರಾದಲ್ಲಿ, ದೂರುದಾರಳು ಮನೆ ಬಿಡುವಾಗ ತನ್ನ ಆಭರಣಗಳನ್ನೆಲ್ಲ ತೆಗೆದುಕೊಂಡು ಹೋಗಿದ್ದಾಳೆ ಎಂದಿತ್ತು. ಪ್ರಮಾಣಪತ್ರಕ್ಕೆ ಸಹಿ ಹಾಕಿದವಳು ಅವ್ವ. ಕರಡನ್ನು ಓದಿ ಕಾಗುಣಿತ ತಿದ್ದಿಕೊಟ್ಟವಳು ನಾನು. ಆ ಪ್ಯಾರಾದಲ್ಲಿ ತಿದ್ದುವಂಥದ್ದು ನನಗೇನೂ ಸಿಗಲಿಲ್ಲ.

ನಮ್ಮ ಸರದಿ ಬಂದದ್ದು ಊಟದ ವಿರಾಮದ ನಂತರ. ಹಿಂದಿನ ಬೆಂಚಿನಲ್ಲಿ ಅವ್ವ, ನಾನು. ಆ ಬದಿಯಲ್ಲಿ ಆಕೆ ಮತ್ತು ಆಕೆಯ ತಂದೆ. ಮೂರು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಕೈಯಲ್ಲಿ ಗಾಜಿನ ಬಳೆ.

ನಮ್ಮ ವಕೀಲರು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಒಂದರ ಹಿಂದೆ ಒಂದು ಇಟ್ಟರು. 2010ರ ಪ್ರೀತಿ ಗುಪ್ತಾ: ಬೇರೆ ಊರಿನಲ್ಲಿದ್ದು ಎಂದೋ ಒಮ್ಮೆ ಬಂದುಹೋಗುವ ನೆಂಟರ ಮೇಲಿನ ಆರೋಪವನ್ನು ಬಹಳ ಎಚ್ಚರದಿಂದ ನೋಡಬೇಕು. 2012ರ ಗೀತಾ ಮೆಹ್ರೋತ್ರಾ: ಬರೀ ಹೆಸರು ಹೇಳಿದರೆ ಸಾಲದು. 2022ರ ಕಹಕಶಾನ್ ಕೌಸರ್. ಕೊನೆಗೆ, ಎರಡು ತಿಂಗಳ ಹಿಂದಷ್ಟೇ, 2024ರ ಡಿಸೆಂಬರ್ 10ರಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಕೊಟ್ಟ ದಾರಾ ಲಕ್ಷ್ಮೀನಾರಾಯಣ ತೀರ್ಪು: ನಿರ್ದಿಷ್ಟ ಆರೋಪವಿಲ್ಲದೆ ಮನೆಮಂದಿಯನ್ನೆಲ್ಲ ಎಳೆತರುವುದನ್ನು ಮೊಳಕೆಯಲ್ಲೇ ಚಿವುಟಬೇಕು. ಆಕೆಯ ಪರ ವಕೀಲೆ ಎದ್ದು ಅದೇ ತೀರ್ಪಿನ ಇನ್ನೊಂದು ಪ್ಯಾರಾ ಓದಿದರು. ಕ್ರೌರ್ಯ ಅನುಭವಿಸಿದ ಹೆಣ್ಣು ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ ಎಂಬ ಮಾತೂ ಅದರಲ್ಲೇ ಇದೆ. ಒಂದೇ ಕಾಗದ ಎರಡೂ ಕಡೆಯವರಿಗೆ ಒದಗಿತು.

ನ್ಯಾಯಮೂರ್ತಿಗಳು ಕೇಳಿದ್ದು ಮೂರು ಪ್ರಶ್ನೆ. ನಾಲ್ಕನೇ ಆರೋಪಿ ಎಲ್ಲಿ ವಾಸ? ಶಿರಸಿ. ಆಕೆ ಬಂದು ಹಿಂಸೆ ಕೊಟ್ಟ ದಿನಾಂಕ ದೋಷಾರೋಪ ಪಟ್ಟಿಯಲ್ಲಿ ಎಲ್ಲಾದರೂ ಇದೆಯೇ? ಸರಕಾರಿ ವಕೀಲರು ಹಾಳೆ ತಿರುವಿದರು, ಇರಲಿಲ್ಲ. ಮೂರನೆಯದು: ಬಂಗಾರ ಎಲ್ಲಿದೆ?

ಇದು ಸಿವಿಲ್ ವ್ಯಾಜ್ಯ, ಅದಕ್ಕೆ ಕ್ರಿಮಿನಲ್ ಬಣ್ಣ ಹಚ್ಚಿದ್ದಾರೆ ಎಂದು ನಮ್ಮ ವಕೀಲರು ಶುರು ಮಾಡಿದರು. ನಿವೇಶನದ್ದು ಸಿವಿಲ್ ಕೋರ್ಟು ನೋಡಿಕೊಳ್ಳಲಿ, ನಾನು ಕೇಳಿದ್ದು ಬಂಗಾರ ಎಂದರು ನ್ಯಾಯಮೂರ್ತಿಗಳು. ಹನ್ನೊಂದನೇ ಪ್ಯಾರಾ ಹೊರಗೆ ಬಂತು. ಆಕೆಯ ವಕೀಲೆ 1985ರ ಪ್ರತಿಭಾ ರಾಣಿ ತೀರ್ಪನ್ನು ಹೆಸರಿಸಿದರು. ಸ್ತ್ರೀಧನ ಹೆಣ್ಣಿನ ಸ್ವಂತದ್ದು, ಗಂಡನ ಮನೆಯವರ ಕೈಯಲ್ಲಿದ್ದರೆ ಅದು ನಂಬಿ ಇಟ್ಟದ್ದು, ಕೊಡದಿದ್ದರೆ ನಂಬಿಕೆ ದ್ರೋಹ. ನಾನು ಕೂತಲ್ಲೇ ಅವ್ವನ ಕಡೆ ನೋಡಿದೆ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಆದೇಶವನ್ನು ಅಲ್ಲೇ ಇಂಗ್ಲಿಷಿನಲ್ಲಿ ಬರೆಸಿದರು. ಅರ್ಜಿ ಭಾಗಶಃ ಪುರಸ್ಕೃತ. ಮೂರು, ನಾಲ್ಕು, ಐದನೇ ಆರೋಪಿಗಳ ಮೇಲಿನ ಪ್ರಕರಣ ರದ್ದು. ಎರಡನೇ ಆರೋಪಿಯ ವಿರುದ್ಧ ನಿರ್ದಿಷ್ಟ ಆರೋಪವಿದೆ, ಸತ್ಯಾಸತ್ಯ ವಿಚಾರಣೆಯಲ್ಲಿ ತೀರ್ಮಾನವಾಗಲಿ. ಒಟ್ಟು ಹನ್ನೆರಡು ನಿಮಿಷ. ಅದೂ ಅವ್ವ ನೋಡುತ್ತಿದ್ದ ಗಡಿಯಾರದ ಲೆಕ್ಕ.

ಹೊರಗೆ ಬಂದಾಗ ವಕೀಲರು ಕೈ ಕುಲುಕಿದರು. “ಅಮ್ಮನವರದ್ದೂ ಮುಗಿಸಬಹುದು. 498-ಎ ನಮ್ಮಲ್ಲಿ ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುವ ಕಲಂ ಅಲ್ಲ, ರಾಜಿಯಾದರೂ ಇಲ್ಲಿಗೇ ಬರಬೇಕು. ಆದರೆ ಬಂದರೆ ರದ್ದು ಮಾಡುತ್ತಾರೆ, ಬಿ.ಎಸ್. ಜೋಶಿ ಪ್ರಕರಣದಿಂದ ಆ ದಾರಿ ತೆರೆದಿದೆ. ಮಧ್ಯಸ್ಥಿಕೆಗೆ ಹೋಗಿ, ಏನಾದರೂ ಕೊಟ್ಟು ಮುಗಿಸಿ.” ಏನಾದರೂ ಎಂದರೆ ಏನೆಂದು ಅವರಿಗೂ ಗೊತ್ತಿತ್ತು.

ನಳದ ಹತ್ತಿರ ಆಕೆ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದಳು. ತಪ್ಪಿಸಿಕೊಂಡು ಹೋಗಲು ದಾರಿಯಿರಲಿಲ್ಲ. “ನಿಮ್ಮ ಹೆಸರು ಬರೆಸುವ ಮನಸ್ಸು ನನಗೆ ಇರಲಿಲ್ಲ ಅಕ್ಕ. ಎಲ್ಲರ ಹೆಸರೂ ಇದ್ದರೆ ಬೇಗ ಇತ್ಯರ್ಥಕ್ಕೆ ಬರುತ್ತಾರೆ ಎಂದರು” ಎಂದಳು. ಸಿಟ್ಟು ಬಂತು. ಒಂದು ಇತ್ಯರ್ಥಕ್ಕಾಗಿ ನನ್ನ ಮೂರು ವರ್ಷ! ಬಾಯಿ ತೆರೆದವಳು ಸುಮ್ಮನಾದೆ. 2018ರಲ್ಲಿ ತಮ್ಮ ಫೋನು ಮಾಡಿ, “ಅಕ್ಕ, ಅವಳ ಬಂಗಾರ ಒತ್ತೆ ಇಡುತ್ತಿದ್ದೇವೆ, ಅವಳು ಅಳುತ್ತಿದ್ದಾಳೆ” ಎಂದಾಗ ಉತ್ತರಪತ್ರಿಕೆ ತಿದ್ದುತ್ತಲೇ, “ಇಡು, ಮುಂದೆ ಬಿಡಿಸಿಕೊಂಡರಾಯಿತು” ಎಂದಿದ್ದೆ. ಆ ಮಾತು ದೂರಿನಲ್ಲಿಲ್ಲ. ಆಕೆಗೆ ಅದು ಗೊತ್ತೇ ಇಲ್ಲ.

ಹುಬ್ಬಳ್ಳಿಯವರೆಗೆ ಅವ್ವ ಕಿಟಕಿಯಾಚೆಯೇ ನೋಡುತ್ತ ಕೂತಿದ್ದಳು. ಬಸ್‌ನಿಲ್ದಾಣದಲ್ಲಿ ಇಳಿದ ಮೇಲೆ ಕೇಳಿದೆ.

“ಅವ್ವ, ಲಾಕರಿನ ಕೀಲಿಕೈ ಎಲ್ಲಿದೆ?”

“ನಿನ್ನದು ಮುಗಿಯಿತಲ್ಲ” ಎಂದಳು. “ಹೊರಡು, ನಾಳೆ ಶಾಲೆಯಿದೆ.”