ಅಲುಗಾಡದ 375

ಡಿಟೆಕ್ಟರ್ ಕೌಂಟ್, ಅಂದರೆ ಸೆಕೆಂಡಿಗೆ ಎಣಿಸಿದ ವಿಕಿರಣದ ಪಲ್ಸುಗಳ ಸಂಖ್ಯೆ, ಸೆಕೆಂಡಿಗೊಮ್ಮೆ ಏರಿಳಿಯದೆ ಒಂದೇ ಕಡೆ ನಿಂತಿದ್ದರೆ ಅದು ವಿಕಿರಣದ ಲೆಕ್ಕವಲ್ಲ, ನಮ್ಮ ಉಪಕರಣದ ಲೆಕ್ಕ. ಕಲಬುರಗಿಯ ನಮ್ಮ ಲ್ಯಾಬಿಗೆ ತಪಾಸಣಾ ತಂಡ ಬರಲು ಅರ್ಧ ಗಂಟೆ ಇರುವಾಗ ಸ್ಕ್ರೀನ್ ಮೇಲೆ ನಿಂತಿದ್ದ ಸಂಖ್ಯೆ 375. ಒಮ್ಮೊಮ್ಮೆ 374.

ಸೆಟಪ್ ಎಂಎಸ್ಸಿ ಹುಡುಗರು ದಿನಾ ಮುಟ್ಟುವಂಥದ್ದೇ: ವಿಕಿರಣ ಬಿದ್ದರೆ ಮಿನುಗುವ ಸೋಡಿಯಂ ಅಯೋಡೈಡ್ ಹರಳು, ಆ ಬೆಳಕನ್ನು ವಿದ್ಯುತ್ ಪಲ್ಸ್ ಮಾಡುವ ಪಿಎಂಟಿಗೆ (ಫೋಟೋಮಲ್ಟಿಪ್ಲಯರ್ ಟ್ಯೂಬ್) 800 ವೋಲ್ಟ್ ಎಚ್‌ವಿ (ಹೈ ವೋಲ್ಟೇಜ್), ವಿಕಿರಣ ಸೂಸುವ ಸೀಸಿಯಂ-137 ಸೋರ್ಸ್, ಪಲ್ಸನ್ನು ಅಂಕಿಗಳಾಗಿಸುವ ನಾಲ್ಕು ಚಾನೆಲ್‌ನ 14 ಬಿಟ್ ಡಿಜಿಟೈಜರ್ ಬೋರ್ಡ್, ಸೆಕೆಂಡಿಗೆ 25 ಕೋಟಿ ಸ್ಯಾಂಪಲ್. ಸೋರ್ಸ್ ಇರುವ ದೂರ ಅರ್ಧವಾದರೆ ಕೌಂಟ್ ಹೆಚ್ಚುಕಡಿಮೆ ನಾಲ್ಕು ಪಟ್ಟಾಗಬೇಕು.

"ಸರ, ಸೋರ್ಸ್ ಹತ್ರ ಒಯ್ದರೂ ಕೌಂಟ್ ಏರವಲ್ದು."

"ಎಚ್‌ವಿ ಐವತ್ತು ಏರಸ್ರಿ."

ಇಲ್ಲೇ ಕೆಲಸ ಕೆಟ್ಟಿದ್ದು. ಪಿಎಂಟಿಯ ಗೇನ್ (ಪಲ್ಸನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ವೋಲ್ಟೇಜಿನ ಸುಮಾರು ಏಳನೇ ಘಾತದಲ್ಲಿ ಬೆಳೆಯುತ್ತದೆ. 800 ಇದ್ದದ್ದು 850 ಆದರೆ ಪಲ್ಸ್ ಒಂದೂವರೆ ಪಟ್ಟು ಎತ್ತರ. 11,000ದ ಹತ್ತಿರ ಕೂತಿದ್ದ ಸೀಸಿಯಂನ 662 ಕೆಇವಿ (ಶಕ್ತಿಯ ಅಳತೆ) ಪೀಕ್ ಎಡಿಸಿಯ, ಅಂದರೆ ಡಿಜಿಟೈಜರಿನ ಅಳೆಯುವ ಚಿಪ್ಪಿನ, ಕೊನೆಯ ಮನೆಯಾದ 16,383ನ್ನು ದಾಟಿ ಕ್ಲಿಪ್ ಆಯಿತು, ಪಲ್ಸಿನ ತಲೆ ಕತ್ತರಿಸಿಹೋಯಿತು. ಸ್ಪೆಕ್ಟ್ರಮ್ಮಿನ (ಯಾವ ಎತ್ತರದ ಪಲ್ಸ್ ಎಷ್ಟು ಎಂಬ ನಕ್ಷೆ) ತುದಿಯಲ್ಲಿ ಸೂಜಿಯಂಥ ಸುಳ್ಳು ಪೀಕ್ ಎದ್ದಿತು. ಬೆಳಿಗ್ಗೆ ಮಾಡಿಟ್ಟ ಕ್ಯಾಲಿಬ್ರೇಶನ್ ಹಾಳು. ಕೌಂಟ್ ಮಾತ್ರ ಅದೇ 375. ಆಮೇಲೆ ಥ್ರೆಶೋಲ್ಡ್ (ಎಣಿಕೆಗೆ ಬೇಕಾದ ಕನಿಷ್ಠ ಪಲ್ಸ್ ಎತ್ತರ) ಇಳಿಸಿದ್ದಾಯಿತು, ಬಿಎನ್‌ಸಿ ಕೇಬಲ್ ಬದಲಿಸಿದ್ದಾಯಿತು, 50 ಓಮ್ ಟರ್ಮಿನೇಟರ್ ಬಿಚ್ಚಿ ಹಾಕಿದ್ದಾಯಿತು. ಎಲ್ಲರ ಕಣ್ಣೂ ಡಿಟೆಕ್ಟರ್ ಮೇಲೆ.

ಉತ್ತರ ಆ ಸಂಖ್ಯೆಯಲ್ಲೇ ಇತ್ತು. ವಿಕಿರಣ ಕ್ಷಯ ಯಾದೃಚ್ಛಿಕ. ಸರಾಸರಿ 375 ಇದ್ದರೆ ಪ್ರತಿ ಸೆಕೆಂಡಿನ ಎಣಿಕೆ ಅದರ ವರ್ಗಮೂಲದಷ್ಟು, ಅಂದರೆ 19ರಷ್ಟು, ಆಚೀಚೆ ಓಲಾಡಲೇಬೇಕು. 355, 390, 368 ಹೀಗೆ. ಗೇನ್ ಒಂದೂವರೆ ಪಟ್ಟಾದರೂ ಕದಲದ ಕೌಂಟ್ ಸೋರ್ಸಿನಿಂದ ಬಂದದ್ದಲ್ಲ.

ಇಂಥಲ್ಲಿ ಎಚ್‌ವಿ ನಾಬಿಗೆ ಕೈ ಹಾಕದೆ ಡಿಟೆಕ್ಟರ್ ಕಳಚಿ ಪಲ್ಸರ್ (ಕೇಳಿದಷ್ಟು ಪಲ್ಸ್ ಕೊಡುವ ಸಾಧನ) ಜೋಡಿಸಬೇಕು. ಎರಡೇ ನಿಮಿಷದ ಕೆಲಸ. 200 ಹರ್ಟ್ಸ್ ಕೊಟ್ಟಾಗ 200 ಬಂತು. 1,000 ಕೊಟ್ಟಾಗ ಬಂದದ್ದು 375. ಅಲ್ಲಿಗೆ ಹರಳು, ಪಿಎಂಟಿ, ಸೋರ್ಸ್ ಮೂರೂ ನಿರಪರಾಧಿಗಳು.

ಉಳಿದದ್ದು ಗುಣಾಕಾರ. ರೆಕಾರ್ಡ್ ಲೆಂತ್ (ಪ್ರತಿ ಪಲ್ಸಿಗೆ ದಾಖಲಾಗುವ ಉದ್ದ) 10,000 ಸ್ಯಾಂಪಲ್, ಸ್ಯಾಂಪಲಿಗೆ 2 ಬೈಟ್, ಚಾನೆಲ್ 4: ಒಂದು ಈವೆಂಟಿಗೆ, ಅಂದರೆ ದಾಖಲಾದ ಒಂದು ಪಲ್ಸಿಗೆ, 80,000 ಬೈಟ್. ಕಂಪ್ಯೂಟರಿಗೆ ತಲುಪುತ್ತಿದ್ದದ್ದು ಸೆಕೆಂಡಿಗೆ 30 ಎಂಬಿ. ಭಾಗಿಸಿದರೆ 375.

ಬೋರ್ಡಿನಲ್ಲಿ ಯುಎಸ್‌ಬಿ 3 ಇದೆ, ಕಂಪ್ಯೂಟರಿನಲ್ಲೂ ಇದೆ. ಆದರೆ ಬೇಸಿಗೆಯ ಧಗೆಗೆ ಹೆದರಿ ಕಂಪ್ಯೂಟರನ್ನು ಎಸಿ ಇರುವ ಪಕ್ಕದ ಕೋಣೆಗೆ ಸಾಗಿಸಿದಾಗ ನಡುವೆ ಒಂದು ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಸೇರಿಕೊಂಡಿತ್ತು. ಅಂಥ ಕೇಬಲ್ ಸಿಕ್ಕರೆ ಲಿಂಕ್ ಸದ್ದಿಲ್ಲದೆ 480 ಮೆಗಾಬಿಟ್ಟಿಗೆ ಇಳಿಯುತ್ತದೆ. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಬೋರ್ಡಿಗೆ ಒಂದು ಕೆಂಪು ದೀಪ ಇಡಲು ಏನು ಕಷ್ಟವೋ.

ಕೇಬಲ್ ಸರಿಮಾಡಿದ್ದರೂ ಅರ್ಧ ಪರಿಹಾರ ಅಷ್ಟೇ. 10,000 ಸ್ಯಾಂಪಲ್ ಅಂದರೆ 40 ಮೈಕ್ರೋಸೆಕೆಂಡ್. ಅದು ಹಿಂದಿನ ಬ್ಯಾಚಿನ ಮ್ಯುಆನ್ (ಎಲೆಕ್ಟ್ರಾನಿನಂಥದೇ ಭಾರವಾದ ಕಣ) ಪ್ರಯೋಗದ ಕಾನ್ಫಿಗ್. ಮ್ಯುಆನಿನ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಅದು ನಿಂತ ಮೇಲೆ ಹೊರಡುವ ಎಲೆಕ್ಟ್ರಾನಿಗೆ ಕಾಯಲು ಉದ್ದ ಕಿಟಕಿ ಬೇಕು, ಈವೆಂಟುಗಳೂ ಬೆರಳೆಣಿಕೆಯಷ್ಟು, ಹಾಗಾಗಿ ಯಾರಿಗೂ ಬಿಸಿ ತಟ್ಟಿರಲಿಲ್ಲ. ಸೋಡಿಯಂ ಅಯೋಡೈಡಿನ ಬೆಳಕು ಆರುವ ಕಾಲ 230 ನ್ಯಾನೋಸೆಕೆಂಡ್. 1 ಮೈಕ್ರೋಸೆಕೆಂಡಿನಲ್ಲಿ ಶೇ. 98ಕ್ಕೂ ಹೆಚ್ಚು ಬೆಳಕು ಬಂದುಬಿಡುತ್ತದೆ. ಬೇಸ್‌ಲೈನಿಗೆ (ಪಲ್ಸ್ ಇಲ್ಲದಾಗಿನ ಮಟ್ಟ) ಟ್ರಿಗರಿನ (ಪಲ್ಸ್ ಬಂತೆಂದು ದಾಖಲೆ ಶುರುಮಾಡಿಸುವ ಸಂಕೇತ) ಹಿಂದೆ 50 ಸ್ಯಾಂಪಲ್, ಮುಂದೆ 250. ಖಾಲಿ ಚಾನೆಲ್ ಮೂರೂ ಬಂದ್. ಈಗ ಈವೆಂಟಿಗೆ 600 ಬೈಟ್. ಅದೇ ದರಿದ್ರ ಕೇಬಲ್ ಮೇಲೂ ಮಿತಿ ಸೆಕೆಂಡಿಗೆ 50,000. ಅಷ್ಟು ಹೊತ್ತಿಗೆ ಪೈಲ್-ಅಪ್ (ಒಂದು ಪಲ್ಸಿನ ಮೇಲೆ ಇನ್ನೊಂದು ಬೀಳುವುದು) ಕಾಟ ಶುರುವಾಗಿರುತ್ತದೆ, ಆ ಮಾತು ಬೇರೆ.

ಮೊದಲೇ ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಬೋರ್ಡಿನಲ್ಲಿ 128 ಎಂಬಿ ಮೆಮೊರಿ ಇದೆ. ನಿಜವಾದ ಟ್ರಿಗರ್ ಸೆಕೆಂಡಿಗೆ 2,000 ಇದ್ದಾಗ ಒಳಗೆ 160 ಎಂಬಿ ಬರುತ್ತದೆ, ಹೊರಗೆ 30 ಹೋಗುತ್ತದೆ. ಹೆಚ್ಚುಕಡಿಮೆ ಒಂದು ಸೆಕೆಂಡ್ ಎಲ್ಲ ಚೆಂದ, ಆಮೇಲೆ ಬೋರ್ಡ್ ಬಿಜಿ, ಹೊಸ ಪಲ್ಸ್ ತೆಗೆದುಕೊಳ್ಳುವುದಿಲ್ಲ. ಸ್ಟಾರ್ಟ್ ಒತ್ತಿ ತಕ್ಷಣ ಸ್ಟಾಪ್ ಒತ್ತುವ ಟೆಸ್ಟಿನಲ್ಲಿ ಇದು ಕಾಣುವುದೇ ಇಲ್ಲ. ಕನಿಷ್ಠ ಒಂದು ನಿಮಿಷ ಓಡಿಸಬೇಕು. ಟ್ರಿಗರ್ ರಿಜಿಸ್ಟರಿನ (ಒಟ್ಟು ಬಂದ ಟ್ರಿಗರುಗಳನ್ನು ಎಣಿಸುವ ಜಾಗ) ಲೆಕ್ಕವನ್ನೂ ಫೈಲಿಗೆ ಬರೆಸಬೇಕು. 2,000ಕ್ಕೆ 375 ಸಿಕ್ಕಿದರೆ ಗಡಿಯಾರದ 100 ಸೆಕೆಂಡಿನಲ್ಲಿ ಲೈವ್ ಟೈಮ್ (ಬೋರ್ಡ್ ನಿಜವಾಗಿ ಎಣಿಸಿದ ಹೊತ್ತು) 19 ಸೆಕೆಂಡ್ ಮಾತ್ರ. ಅದನ್ನು ತಿದ್ದದೆ ಲೆಕ್ಕ ಹಾಕಿದರೆ ಸೋರ್ಸಿನ ಆಕ್ಟಿವಿಟಿ (ಸೆಕೆಂಡಿಗೆ ಆಗುವ ಕ್ಷಯಗಳ ಸಂಖ್ಯೆ) ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಪೀಕಿನ ಆಕಾರ ಮಾತ್ರ ಸರಿಯಾಗಿಯೇ ಕಾಣುತ್ತದೆ.

ಮೇಲಿನವರಿಗೆ ವರದಿ ಹೋಯಿತು. ಬಂದ ಉತ್ತರ: ಈಗಿನ ಬೋರ್ಡ್ ನಿಧಾನ, 50 ಕೋಟಿ ಸ್ಯಾಂಪಲಿನದಕ್ಕೆ ಕೊಟೇಶನ್ ತರಿಸಿ. ಅದೇ ಕಿಟಕಿಗೆ ಬೈಟ್ ಎರಡು ಪಟ್ಟು, ಅದೇ ಕೇಬಲ್ ಮೇಲೆ ಮಿತಿ ಅರ್ಧ. ಹಳೆ ಕಾನ್ಫಿಗ್ ಹಾಕಿದರೆ 187.