ಹುಬ್ಬಳ್ಳಿಯಿಂದ ಮಂಗಳೂರಿಗೆ: ಎಲ್ಲಿ ಇಳಿಸುತ್ತಾರೆ ಎಂದು ಮೊದಲು ಕೇಳಿ

ಹುಬ್ಬಳ್ಳಿಯಿಂದ ಮಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವವರು ಟಿಕೆಟ್ ತೆಗೆಸುವ ಮುಂಚೆ ಒಂದು ಮಾತು ಕೇಳಿಕೊಳ್ಳಬೇಕು: ಬಸ್ಸು ಊರೊಳಗೆ ಹೋಗುತ್ತದೋ, ಹೆದ್ದಾರಿಯಲ್ಲೇ ಇಳಿಸುತ್ತದೋ? ಕೆಲವು ಖಾಸಗಿ ಸ್ಲೀಪರ್‌ಗಳು ನಸುಕಿನ ನಾಲ್ಕಕ್ಕೆ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ಇಳಿಸಿ ಹೊರಟುಬಿಡುತ್ತವೆ. ಟಿಕೆಟ್ಟಿನ ಮೇಲೆ ಬರೀ ‘ಮಂಗಳೂರು’ ಎಂದಿರುತ್ತದೆ, ಜಗಳಕ್ಕೂ ಆಧಾರವಿಲ್ಲ. ಆ ಹೊತ್ತಿಗೆ ಸಿಟಿ ಬಸ್ಸಿಲ್ಲ, ಆಟೊಗೆ ರಾತ್ರಿ ದರ. ಮುದುಕರು, ಮಕ್ಕಳು ಜೊತೆಗಿದ್ದರೆ ಇದು ಮೋಸವೇ ಸರಿ. ಸರ್ಕಾರಿ ಬಸ್ಸು ನೇರ ಬಿಜೈ ನಿಲ್ದಾಣಕ್ಕೆ ಹೋಗುತ್ತದೆ, ಬೆಳಕಾಗುವವರೆಗೆ ಅಲ್ಲೇ ಕೂರಬಹುದು. ಸಿಟಿ ಬಸ್ಸುಗಳು ಹೊರಡುವುದು ಮಾತ್ರ ಸ್ಟೇಟ್ ಬ್ಯಾಂಕಿನಿಂದ. ಆ ಊರಲ್ಲಿ ಸ್ಟೇಟ್ ಬ್ಯಾಂಕ್ ಅಂದರೆ ಬಸ್ ನಿಲ್ದಾಣ.

ರೈಲಿನವರಿಗೂ ಇಂಥದೇ ತೊಡಕು. ಮಂಗಳೂರು ಸೆಂಟ್ರಲ್ ಪೇಟೆಯೊಳಗಿದೆ. ಜಂಕ್ಷನ್ ಕಂಕನಾಡಿಯ ಆಚೆ, ಐದಾರು ಕಿಲೋಮೀಟರ್ ದೂರ. ಟಿಕೆಟ್ಟಿನಲ್ಲಿ ಯಾವುದಿದೆ ನೋಡಿ ರೂಮು ಹಿಡಿಯಿರಿ.

ಯಲ್ಲಾಪುರ ದಾಟಿದೊಡನೆ ಅರಬೈಲು ಘಟ್ಟದ ತಿರುವುಗಳು. ಹಿಂಬದಿಯ ಮೇಲಿನ ಬರ್ತ್ ತೊಟ್ಟಿಲಿನಂತೆ ತೂಗುತ್ತದೆ. ನಡುವಿನ ಕೆಳಗಿನ ಬರ್ತ್ ಕೇಳಿ, ರಾತ್ರಿ ಊಟ ಹಗುರವಿರಲಿ. ಜುಲೈ, ಆಗಸ್ಟಿನಲ್ಲಾದರೆ ಹೊರಡುವ ದಿನ ರಸ್ತೆ ವಿಚಾರಿಸಿಯೇ ಹತ್ತಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ದಾರಿಯ ಮೇಲೆ.

ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ನಮ್ಮ ಕಡೆಯ ‘ಎಲ್ಲೈತ್ರಿ, ಹ್ಯಾಂಗ ಹೋಗೂದ್ರಿ’ ಸ್ವಲ್ಪ ನಿಧಾನಕ್ಕೆ ಹೇಳಿದರೆ ಸಾಕು, ಪುಸ್ತಕದಂಥ ಕನ್ನಡದಲ್ಲಿ ದಾರಿ ತೋರಿಸುತ್ತಾರೆ.

ಕದ್ರಿ ಮಂಜುನಾಥನ ದರ್ಶನ ಮಾಡಿ ಹಾಗೇ ಹೊರಬರುವವರೇ ಹೆಚ್ಚು. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕೇಳಿ ನೋಡಬೇಕು. ಮೂರು ಮುಖ, ಆರು ಕೈ; ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಸುಲ್ತಾನ್ ಬತ್ತೇರಿಗೆ ಹೋಗುವವರು ಕೋಟೆಯ ಆಸೆ ಇಟ್ಟುಕೊಳ್ಳಬೇಡಿ. ಅದೊಂದು ಕರಿಕಲ್ಲಿನ ಕಾವಲು ಬುರುಜು, ಗುರುಪುರ ನದಿಯೊಳಗೆ ಯುದ್ಧನೌಕೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಹತ್ತು ನಿಮಿಷ ಸಾಕು. ಪಕ್ಕದಲ್ಲೇ ದೋಣಿ ಹತ್ತಿ ಹೊಳೆ ದಾಟಿದರೆ ತಣ್ಣೀರುಬಾವಿ ಕಡಲತೀರ. ಭಾನುವಾರದ ಪಣಂಬೂರು ಕಡಲತೀರದ ಜನಜಾತ್ರೆಗಿಂತ ಇದು ಎಷ್ಟೋ ವಾಸಿ. ಸಂತ ಅಲೋಶಿಯಸ್ ಚಾಪೆಲ್‌ಗೆ ಒಂದು ಗಂಟೆ ಇಡಿ. ಇಟಲಿಯ ಚಿತ್ರಕಾರ ಮೊಸ್ಕೇನಿ 1899ರಿಂದ ಎರಡು ವರ್ಷ ಕೂತು ಗೋಡೆ, ಚಾವಣಿ ಎಲ್ಲ ಚಿತ್ರಿಸಿದ್ದಾನೆ.

ಧಾರವಾಡದವರು ಬಾಸೆಲ್ ಮಿಷನ್ನಿನ ಹಳೆಯ ನೆಲೆಯಾದ ಬಲ್ಮಠವನ್ನು ತಪ್ಪಿಸಬಾರದು. ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಮೂರೇ ವರ್ಷದಲ್ಲಿ ಧಾರವಾಡಕ್ಕೂ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮೋಗ್ಲಿಂಗ್ ಹೊರಡಿಸಿದ್ದು ಈ ಊರಿನಿಂದ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲೇ. ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಯೂ ಅವರದೇ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿ, ಒಂದು ಹಂಚಿನ ಅಂಚಿನ ತೋಡಿನಲ್ಲಿ ಇನ್ನೊಂದರ ಏಣು ಕೂರುವ ಅಚ್ಚು. ಹೊರಡುವ ಮುಂಚೆ ನಿಮ್ಮ ಓಣಿಯ ಹಳೆಯ ಮನೆಯ ಅಟ್ಟ ಹತ್ತಿ ಹಂಚಿನ ಅಡಿ ನೋಡಿ. ಎಷ್ಟೋ ಮನೆಗಳಲ್ಲಿ ಇಂಗ್ಲಿಷಿನಲ್ಲಿ ‘MANGALORE’ ಎಂಬ ಉಬ್ಬಕ್ಷರ ಸಿಗುತ್ತದೆ.

ಊಟಕ್ಕೆ ಬೀಚಿನ ಪಕ್ಕದ ದೀಪಾಲಂಕಾರದ ಹೋಟೆಲು ಬೇಡ. ಮೀನು ದೋಣಿಗಳ ಬಂದರಾದ ಧಕ್ಕೆಯ ಸುತ್ತ, ಹಂಪನಕಟ್ಟೆಯ ಒಳಓಣಿಗಳಲ್ಲಿ ನಾಲ್ಕೈದು ಮೇಜಿನ ಖಾನಾವಳಿಗಳಿವೆ. ಅಲ್ಲಿ ಕೋರಿ ರೊಟ್ಟಿ ತಿನ್ನಿ. ಇದು ಕುಚ್ಚಲಕ್ಕಿಯ ತೆಳು ರೊಟ್ಟಿ, ನಮ್ಮ ಕಡಕ್ ರೊಟ್ಟಿಗಿಂತ ಗರಿಗರಿ. ಮುರಿದು ಬಾಯಿಗಿಡಬಾರದು. ತಟ್ಟೆಯಲ್ಲಿ ಪುಡಿ ಮಾಡಿ, ತೆಂಗಿನಹಾಲಿನ ಕೋಳಿ ಸಾರು ಅರ್ಧ ಹೊಯ್ದು, ಎರಡು ನಿಮಿಷ ಬಿಡಬೇಕು. ಅಂಚು ಮೆತ್ತಗಾಗಿ ನಡು ಇನ್ನೂ ಕರುಂ ಎನ್ನುವಾಗಲೇ ತಿನ್ನಬೇಕು. ಸಾರು ಒಮ್ಮೆಲೇ ಸುರಿದರೆ ಗಂಜಿಯಾಗುತ್ತದೆ. ಶಾಕಾಹಾರಿಗಳು ನಾಷ್ಟಾಕ್ಕೆ ಬನ್ಸ್ ಹುಡುಕಿ: ಕಳಿತ ಬಾಳೆಹಣ್ಣು, ಮೊಸರು, ಮೈದಾ, ಜೀರಿಗೆ ಕಲಸಿ ರಾತ್ರಿಯಿಡೀ ಬಿಟ್ಟು ಕರಿದದ್ದು. ಹತ್ತರ ನಂತರ ಬಿಸಿ ಸಿಗುವುದು ಕಷ್ಟ. ಬಿಳಿ ಅನ್ನ ಬೇಕಾದರೆ ‘ಬೆಳ್ತಿಗೆ’ ಎನ್ನಿ, ಇಲ್ಲವಾದರೆ ದಪ್ಪ ಕುಚ್ಚಲಕ್ಕಿ ಬರುತ್ತದೆ. ಹೊಸಬರ ಹೊಟ್ಟೆಗೆ ಅದು ಭಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಮೀನು ತುಟ್ಟಿ.

ಹೋಗಲು ಡಿಸೆಂಬರ್, ಜನವರಿ ಒಳ್ಳೆಯದು. ಕಂಬಳವೂ ಯಕ್ಷಗಾನದ ಮೇಳಗಳೂ ಆಗ ಸಿಗುತ್ತವೆ. ಏಪ್ರಿಲ್ ಬೇಡ, ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿನ ಬೆವರು ತಡೆಯದು. ಬರುವಾಗ ಕೋರಿ ರೊಟ್ಟಿಯ ಪೊಟ್ಟಣ ತನ್ನಿ. ಬಾಯಿ ಬಿಗಿದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಬ್ಯಾಗಿನ ಮೇಲ್ಭಾಗದಲ್ಲಿಡಿ, ತಳಕ್ಕೆ ಹಾಕಿದರೆ ಅರಬೈಲು ಹತ್ತುವಷ್ಟರಲ್ಲಿ ಪುಡಿಯಾಗಿರುತ್ತದೆ.