ಅಕ್ಕಿ ಗೋಣಿ ಮತ್ತು ಲ್ಯಾಬ್ರಡಾರ್

ಕಾಸರಗೋಡಿನ ಬದಿಯಡ್ಕದ ಒಂದು ಅಂಗಡಿಗೆ ಇವತ್ತು ಲ್ಯಾಬ್ರಡಾರ್ ನಾಯಿ ಬಂದಿತ್ತು. ಯಜಮಾನರ ಜೊತೆ, ಕೆಂಪು ಬೆಲ್ಟು ಕಟ್ಟಿಕೊಂಡು, ಭಾರೀ ಗತ್ತಿನಲ್ಲಿ.

ಬಾಯಿ ಬಿಚ್ಚಿಟ್ಟ ಕುಚ್ಚಲಕ್ಕಿ ಗೋಣಿ. ಅದಕ್ಕೆ ಮೂಗು ಹಾಕಿ ಮೂಸಿತು. ಮೂಗಿನ ತುದಿಗೆ ನಾಲ್ಕು ಕಾಳು ಅಂಟಿತು. ಆಮೇಲೆ ಒಂದು ಸೀನು. ಗೋಣಿಯೊಳಗೇ!

ಪಕ್ಕದಲ್ಲಿದ್ದ ಅಮ್ಮ ಒಬ್ಬರು ಅಕ್ಕಿ ತುಂಬಿಸುತ್ತಿದ್ದವರು ಚೀಲವನ್ನು ಮೆಲ್ಲ ಅಲ್ಲೇ ಇಟ್ಟು ಬೇಳೆ ಕಡೆಗೆ ನಡೆದರು.

"ಅದು ಎಂತ ಮಾಡುದಿಲ್ಲ ಮಾರಾಯ್ರೆ, ಪಾಪದ್ದು" ಅಂದರು ನಾಯಿಯ ಯಜಮಾನರು.

ಪಾಪದ್ದೇ. ಚಂದವೂ ಇತ್ತು, ಸುಳ್ಳು ಯಾಕೆ. ಆದರೆ ಕಚ್ಚುವ ವಿಷಯ ಯಾರು ಎತ್ತಿದ್ದು?

ಕೌಂಟರಿನ ಹುಡುಗ ಸುಮ್ಮನಿದ್ದ. ತಿಂಗಳ ಸಾಮಾನು ಒಯ್ಯುವ ಗಿರಾಕಿ ನೋಡಿ. ಮೆಟ್ಟಿಲ ಹತ್ತಿರ ಸುಳಿದ ಬೀದಿನಾಯಿಗೆ ಮಾತ್ರ "ಹಚಾ" ಅಂತ ಹಿಡಿಸೂಡಿ ಎತ್ತಿದ. ಅದು ಒಳಗೆ ಕಾಲೇ ಇಟ್ಟಿರಲಿಲ್ಲ.

ನಮ್ಮ ಕೇರಳದಲ್ಲಿ ನಾಯಿ ಸಾಕಲಿಕ್ಕೆ ಪಂಚಾಯತಿನ ಲೈಸೆನ್ಸ್ ಬೇಕು, ಅದಕ್ಕೆ ರೇಬೀಸ್ ಚುಚ್ಚುಮದ್ದು ಕೊಡಿಸಿದ ಸರ್ಟಿಫಿಕೇಟು ಬೇಕು. ಇಷ್ಟೆಲ್ಲ ಮಾಡುವವರಿಗೆ ಐದು ನಿಮಿಷ ಅದನ್ನು ಹೊರಗೆ ಕಟ್ಟುವುದು ಕಷ್ಟವಾ? ಕಟ್ಟಲಿಕ್ಕೆ ಜಾಗ ಇಲ್ಲ ಅನ್ನುವುದೂ ನಿಜವೇ. ನೆರಳಲ್ಲಿ ಗೋಡೆಗೆ ಒಂದು ಕೊಕ್ಕೆ ಹೊಡೆಸಿದರೆ ಮುಗಿಯಿತು. ಅಂಗಡಿಯ ಧನಿಗಳು ಕೂತಿರುವಾಗ ಹೋಗಿ ಹೇಳಬೇಕು. ಯಾರಾದರೂ ಜೊತೆಗೆ ಬರ್ತೀರಾ?